ಕೊಸರಿನ ಬಟ್ಟಲು

ನಾಳೆ ಅಮಾವಾಸ್ಯೆ ಎಂದರೆ ಇವತ್ತು ಕುರುಗೋಡಿನ ಯಾವ ಕಿರಾಣಿ ಅಂಗಡಿಗೆ ಹೋದರೂ ಒಂದೇ ಪಾಡು. ಕಟ್ಟೆಯ ಮುಂದೆ ಹತ್ತು ಜನ, ಹತ್ತು ಚೀಟಿ, ಹತ್ತು ಬಗೆಯ ಅವಸರ. ಒಬ್ಬರಿಗೆ ತೊಗರಿಬೇಳೆ ಕಟ್ಟುವಷ್ಟರಲ್ಲಿ ಇನ್ನೊಬ್ಬರು ಹೇಳಿದ ಬೆಲ್ಲ ಎಷ್ಟು ಎಂಬುದು ಮರೆತುಹೋಗಿರುತ್ತದೆ. ಬಸ್ ನಿಲ್ದಾಣದ ಹಿಂದಿನ ಓಣಿಯ ವೀರಭದ್ರಮ್ಮನ ಅಂಗಡಿಯಲ್ಲೂ ಹೀಗೇ ಆಗುತ್ತಿತ್ತು. ಒಂದು ಸಲವಂತೂ ಹೋಳಿಗೆ ಮಾಡುವ ಹಬ್ಬದ ಹಿಂದಿನ ದಿನವೇ ಬೆಲ್ಲ ಮುಗಿದುಹೋಯಿತು. ಒಳಗೆ ಇನ್ನೊಂದು ಚೀಲ ಇದೆ ಎಂದು ವೀರಭದ್ರಮ್ಮ ನಂಬಿಕೊಂಡಿದ್ದಳು. ಹೋಗಿ ನೋಡಿದರೆ ಬರಿಯ ಗೋಣಿತಟ್ಟು. ಬಂದವರು ಮುಖ ಸಿಂಡರಿಸಿಕೊಂಡು ಎದುರಿನ ಅಂಗಡಿಗೆ ನಡೆದರು.

ಈ ಅಂಗಡಿ ಇಟ್ಟವಳು ವೀರಭದ್ರಮ್ಮನ ಅತ್ತೆ ಚನ್ನವೀರಮ್ಮ. ಆಕೆ ತೀರಿಕೊಂಡು ಒಂಬತ್ತು ವರ್ಷವಾಯಿತು. ಸೊಸೆಗೆ ಅಂಗಡಿ ಒಪ್ಪಿಸುವಾಗ ಆಕೆ ಹೇಳಿದ ಮಾತು ಒಂದೇ. ತೂಕ ಮುಗಿದ ಮೇಲೆ ಕೈ ಬಿಗಿ ಹಿಡಿಯಬೇಡ ಎಂದಿದ್ದಳು. ಅಂದರೆ ಕೊಸರು ಹಾಕುವುದನ್ನು ಬಿಡಬೇಡ ಎಂದು. ಒಂದು ಕಿಲೋ ಬೇಳೆ ತೂಗಿ ಚೀಲಕ್ಕೆ ಸುರಿದಾದ ಮೇಲೆ, ಪ್ರೀತಿಗೆ ಅಂತ ಮೇಲೊಂದು ಅರ್ಧ ಹಿಡಿ. ಅದು ಬೀಳುವ ತನಕ ಯಾರೂ ಚೀಲದ ಬಾಯಿ ಮುಚ್ಚುತ್ತಿರಲಿಲ್ಲ. ಪಕ್ಕದ ಊರು ಬಾದನಹಟ್ಟಿಯ ಹೆಂಗಸರು ದಾರಿಯಲ್ಲಿ ನಾಲ್ಕು ಅಂಗಡಿ ದಾಟಿ ಇಲ್ಲಿಗೆ ಬರುತ್ತಿದ್ದದ್ದೂ ಆ ಅರ್ಧ ಹಿಡಿಯ ಸಲುವಾಗಿಯೇ.

ಅಂಗಡಿಯಲ್ಲಿ ಇನ್ನೊಂದು ಜೊತೆ ಕೈ ಪಾರಮ್ಮನದು. ಅವಳೂ ಬಾದನಹಟ್ಟಿಯವಳೇ. ಚನ್ನವೀರಮ್ಮ ಇದ್ದ ಕಾಲದಿಂದಲೂ ದಿನಾ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಾಳೆ. ಹದಿನಾಲ್ಕು ವರ್ಷದ ಕೆಲಸ. ಯಾವ ಡಬ್ಬಿಯಲ್ಲಿ ಏನಿದೆ ಎಂಬುದು ವೀರಭದ್ರಮ್ಮನಿಗಿಂತ ಅವಳಿಗೇ ಚೆನ್ನಾಗಿ ಗೊತ್ತು.

ಬೆಲ್ಲದ ಪೇಚಾಟ ಕೇಳಿ, ಒಂದು ಬಿಲ್ ಮಷಿನ್ ಇಟ್ಟುಕೊಳ್ಳಿ ಎಂದು ಹೇಳಿದವಳು ಬಳ್ಳಾರಿಯ ಸಂಘಮಿತ್ರಾ. ಜೀನ್ಸ್ ಹೊಲಿಯುವವರಿಗೆ ದಾರ, ಗುಂಡಿ, ಜಿಪ್ಪು ಮಾರುವ ಅಂಗಡಿ ಅವಳದು. ಮಹಿಳಾ ಸಂಘಗಳ ಸಭೆಯಲ್ಲಿ ಪರಿಚಯವಾದ ಗೆಳತಿ. ಆರು ವರ್ಷದಿಂದ ಮಷಿನ್ ಬಳಸುತ್ತಿದ್ದಾಳೆ. ಮಾರಿದ್ದಕ್ಕೆ ಅದು ಬಿಲ್ ಕೊಡುತ್ತದೆ, ಉಳಿದ ಸರಕು ಎಷ್ಟು ಎಂದು ತಾನೇ ಲೆಕ್ಕ ಇಡುತ್ತದೆ, ಮುಗಿಯುವ ಮೊದಲೇ ಎಚ್ಚರಿಸುತ್ತದೆ ಎಂದೆಲ್ಲ ವಿವರಿಸಿದಳು. ವೀರಭದ್ರಮ್ಮ ಅಷ್ಟು ಸುಲಭಕ್ಕೆ ಒಪ್ಪುವ ಪೈಕಿ ಅಲ್ಲ.

“ನನಗ ಇಂಗ್ಲಿಷ್ ಬರಂಗಿಲ್ಲ. ಪಾರಮ್ಮ ಓದಿದ್ದು ಐದನೇತ್ತ. ಕರೆಂಟ್ ಇದ್ದರ ಐತಿ, ಇಲ್ಲಂದ್ರ ಇಲ್ಲ. ಆ ಮಷಿನ್ ತಂದು ಪೂಜಿ ಮಾಡ್ಲೇನು?” ಎಂದಳು.

“ಪೂಜಿ ಆಮ್ಯಾಲ ಮಾಡ್ರಿ ಅಕ್ಕಾರ. ಮೊದ್ಲು ನಿಮ್ಮಂಥ ಅಂಗಡಿಯೊಳಗ ಅದು ಹೆಂಗ ನಡೀತೈತಿ, ಕಣ್ಣಾರೆ ನೋಡಾಕ ಬರ್ರಿ” ಎಂದಳು ಸಂಘಮಿತ್ರಾ.

ನೋಡಲು ಹೋಗುವಷ್ಟು ತಾಳ್ಮೆ ವೀರಭದ್ರಮ್ಮನಿಗೆಲ್ಲಿ? ಬೇಡ ಬೇಡ ಎನ್ನುತ್ತಲೇ ಒಂದು ದಿನ ಸರಕು ತರಲು ಬಳ್ಳಾರಿಗೆ ಹೋದವಳು, ಯಾರದೋ ಅಂಗಡಿಗೆ ಒಬ್ಬಳೇ ನುಗ್ಗಿ ಒಂದು ಮಷಿನ್ ನೋಡಿ ಮಾತು ಮುಗಿಸಿಯೂ ಬಂದಳು. ಕಡಿಮೆ ಬೆಲೆ, ದೊಡ್ಡ ಪರದೆ, ಹಸಿರು ದೀಪ. ಮಾರುವವ ಮಾದರಿಗೆಂದು ಒಂದು ಬಿಲ್ಲೂ ಹೊಡೆದು ಕೊಟ್ಟಿದ್ದ. ಅದನ್ನು ಹೆಮ್ಮೆಯಿಂದ ಸಂಘಮಿತ್ರಾಳ ಕೈಗಿಟ್ಟಳು. ಅವಳು ಓದಿದಳು, ಇನ್ನೊಮ್ಮೆ ಓದಿದಳು, ಆಮೇಲೆ ನಗು ತಡೆಯಲಾರದೆ ಕುಳಿತೇಬಿಟ್ಟಳು. ಎರಡು ಕಿಲೋ ತೊಗರಿಬೇಳೆಯ ಬಿಲ್ಲಿನ ತಲೆಯ ಮೇಲೆ ‘ಟೇಬಲ್ ನಂಬರ್ ನಾಲ್ಕು’ ಎಂದು ಇತ್ತು. ಅದು ಹೋಟೆಲಿನವರ ಮಷಿನ್. ದೋಸೆ, ಇಡ್ಲಿ ಎಣಿಸುತ್ತದೆಯೇ ಹೊರತು ಅದಕ್ಕೆ ತಕ್ಕಡಿ ಜೋಡಿಸಲು ಬರುವುದಿಲ್ಲ. ಪುಣ್ಯಕ್ಕೆ ವೀರಭದ್ರಮ್ಮ ಮುಂಗಡ ಕೊಟ್ಟಿರಲಿಲ್ಲ.

ಮುಂದಿನ ವಾರ ಸಂಘಮಿತ್ರಾ ಅವಳನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಹೋದಳು. ಅಲ್ಲಿ ನೀಲಾವತಿ ಎಂಬಾಕೆಯದು ಅಕ್ಕಿ, ಬೇಳೆಯ ಅಂಗಡಿ. ಅರ್ಧ ದಿನ ಅಲ್ಲೇ ಕೂತು ನೋಡಿದರು. ತಕ್ಕಡಿಯ ಮೇಲೆ ಅಕ್ಕಿ ಇಟ್ಟರೆ ತೂಕ ತಾನಾಗಿಯೇ ಮಷಿನ್ನಿಗೆ ಹೋಗುತ್ತಿತ್ತು. ಬಿಲ್ಲು ಕನ್ನಡದಲ್ಲೇ ಬರುತ್ತಿತ್ತು. ನಡುವೆ ಕರೆಂಟ್ ಹೋಯಿತು. ನೀಲಾವತಿ ತಲೆಯನ್ನೂ ಎತ್ತದೆ ಬಿಲ್ ಕೊಡುತ್ತಲೇ ಇದ್ದಳು, ಒಳಗೆ ಬ್ಯಾಟರಿ ಇತ್ತು. ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ, ಬಂದಮೇಲೆ ಲೆಕ್ಕವನ್ನೆಲ್ಲ ತಾನೇ ಕಳಿಸಿ ಉಳಿಸಿಡುತ್ತದೆ ಎಂದು ತೋರಿಸಿದಳು. ಕೆಟ್ಟರೆ ಎಷ್ಟು ದಿನಕ್ಕೆ ರಿಪೇರಿಯವರು ಬರುತ್ತಾರೆ, ವರ್ಷ ವರ್ಷ ಏನು ಕಟ್ಟಬೇಕು, ನಾಳೆ ಬೇರೆ ಮಷಿನ್ ತಗೊಂಡರೆ ಹಳೆಯ ವಿವರವೆಲ್ಲ ಕೈಗೆ ಸಿಗುತ್ತದೋ ಇಲ್ಲವೋ, ಇದನ್ನೆಲ್ಲ ಕೊಳ್ಳುವ ಮೊದಲೇ ಕೇಳಿ ಬರೆಸಿಕೊಳ್ಳಿ, ಕೊಂಡ ಮೇಲೆ ತಿಂಗಳಿಗೊಮ್ಮೆ ಸರಕು ತಾಳೆ ನೋಡಿ ಎಂದೂ ಹೇಳಿದಳು. ವೀರಭದ್ರಮ್ಮನ ಮನಸ್ಸು ಅಲ್ಲೇ ಮೆತ್ತಗಾಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಸಂಘಮಿತ್ರಾಳ ಕೈಯನ್ನು ಸುಮ್ಮನೆ ಒಮ್ಮೆ ಅದುಮಿದಳು.

ಹಾಗೆ ಸರಿಯಾದ ಮಷಿನ್ನೇ ಅಂಗಡಿಗೆ ಬಂತು. ಮೊದಲ ದಿನವೇ ಒಂದು ಎಡವಟ್ಟು. ವೀರಭದ್ರಮ್ಮ ಭಕ್ತಿಯಿಂದ ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದಳು, ಅದೂ ಸೋಪು, ಬಿಸ್ಕತ್ತಿನ ಮೇಲಿನ ಗೆರೆ ಓದುವ ಸ್ಕ್ಯಾನರಿನ ಗಾಜಿನ ಮೇಲೇ. ಮಧ್ಯಾಹ್ನದವರೆಗೆ ಅದು ಒಂದು ಸೋಪನ್ನೂ ಓದಲಿಲ್ಲ. ಪಾರಮ್ಮ ಸೆರಗಿನಿಂದ ಒರೆಸಿದ ಮೇಲೆ ಕಣ್ಣು ಬಿಟ್ಟಿತು. ಸರಕುಗಳ ಹೆಸರನ್ನೆಲ್ಲ ಊರಿನ ಮಾತಿನಲ್ಲೇ ತುಂಬಿಸಿದವಳೂ ಪಾರಮ್ಮನೇ. ಹದಿನೈದು ದಿನದೊಳಗೆ ಅವಳ ಬೆರಳು ಪರದೆಯ ಮೇಲೆ ಸರಸರ ಓಡತೊಡಗಿತು. ಬೆಲ್ಲ ಹತ್ತು ಕಿಲೋಗೆ ಇಳಿದರೆ ಮಷಿನ್ ಕೆಂಪಗೆ ತೋರಿಸುತ್ತಿತ್ತು. ಕಟ್ಟೆಯ ಮುಂದೆ ಕಾಯುವವರು ಕಡಿಮೆಯಾದರು. ವೀರಭದ್ರಮ್ಮ ಸಿಕ್ಕಸಿಕ್ಕವರ ಮುಂದೆ ಸಂಘಮಿತ್ರಾಳನ್ನು ಹೊಗಳಿದ್ದೇ ಹೊಗಳಿದ್ದು.

ಒಂದು ತಿಂಗಳು ತುಂಬಿತು. ತಿಂಗಳಿಗೊಮ್ಮೆ ಮಷಿನ್ ಹೇಳುವ ಸರಕನ್ನೂ ಅಂಗಡಿಯಲ್ಲಿರುವ ಸರಕನ್ನೂ ತಾಳೆ ನೋಡಬೇಕೆಂದು ನೀಲಾವತಿ ಹೇಳಿದ್ದಳಲ್ಲ, ಒಂದು ಬೆಳಿಗ್ಗೆ ವೀರಭದ್ರಮ್ಮ ಚೀಲಗಳನ್ನೆಲ್ಲ ತೂಗಿಸಿದಳು. ತೊಗರಿಬೇಳೆ ಒಂಬತ್ತು ಕಿಲೋ ಕಡಿಮೆ. ಶೇಂಗಾ ಆರು ಕಿಲೋ. ಸಕ್ಕರೆ ಐದು. ಎರಡನೆಯ ಸಲ ತೂಗಿದರೂ ಅಷ್ಟೇ. ಅಂಗಡಿಯಲ್ಲಿ ಕೈಯಾಡಿಸುವವರು ಇಬ್ಬರೇ. ತಾನಂತೂ ತಗೊಂಡಿಲ್ಲ.

ಅನುಮಾನ ಎಂಬುದು ಒಮ್ಮೆ ಒಳಗೆ ಬಂದರೆ ಕೂರಲು ಮಣೆ ಕೇಳುವುದಿಲ್ಲ. ಪಾರಮ್ಮ ಒಳಗಿನ ಕೋಣೆಗೆ ಹೋದರೆ ವೀರಭದ್ರಮ್ಮನ ಕಣ್ಣು ಹಿಂದೆಯೇ ಹೋಗುತ್ತಿತ್ತು. ಹದಿನಾಲ್ಕು ವರ್ಷ ಕಾಣದ್ದೆಲ್ಲ ಈಗ ಕಾಣತೊಡಗಿತು. ಇವಳು ನಿನ್ನೆ ಯಾಕೆ ಬೇಗ ಹೋದಳು, ಇವಳ ಚೀಲ ಯಾಕೆ ಇಷ್ಟು ದೊಡ್ಡದು. ಪಾರಮ್ಮನನ್ನು ಕೂರಿಸಿಕೊಂಡು ಹೀಗಾಗಿದೆ, ನಿನಗೇನು ಅನಿಸುತ್ತದೆ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಮೂರನೆಯ ದಿನ ಸಂಜೆ ಅವಳು ಬಸ್ಸಿಗೆ ಹೊರಟಾಗ, ಕಟ್ಟೆಯ ಮುಂದೆ ಗಿರಾಕಿಗಳು ಇರುವಾಗಲೇ ಕೂಗಿದಳು.

“ಪಾರಮ್ಮ, ನಿನ್ನ ಚೀಲ ಇಲ್ಲಿ ತೋರ್ಸಿ ಹೋಗು.”

ಪಾರಮ್ಮನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಚೀಲವನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು. ಖಾಲಿ ಊಟದ ಡಬ್ಬಿ, ಎಲೆ ಅಡಿಕೆಯ ಸಂಚಿ, ಬೆಳಗಿನ ಬಸ್ಸಿನ ಪುಕ್ಕಟೆ ಟಿಕೆಟ್. ಅಷ್ಟೇ. ಅವಳದೇ ಊರಿನ ಇಬ್ಬರು ಹೆಂಗಸರು ಬೇಳೆ ಕಟ್ಟಿಸಿಕೊಳ್ಳುತ್ತ ಅಲ್ಲೇ ನಿಂತಿದ್ದರು. ಪಾರಮ್ಮ ಒಂದೊಂದನ್ನೇ ಮತ್ತೆ ಚೀಲಕ್ಕೆ ತುಂಬಿಕೊಂಡು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ವೀರಭದ್ರಮ್ಮನಿಗೆ ಅನ್ನ ಸೇರಲಿಲ್ಲ. ಸಂಘಮಿತ್ರಾಳಿಗೆ ಫೋನ್ ಮಾಡಿದಳು. ಒಳಕೋಣೆಗೆ ಯಾವ ಬೀಗ ಹಾಕಿಸಲಿ ಎಂದು ಕೇಳಲು ಮಾಡಿದ್ದು, ಕತೆಯೆಲ್ಲ ಹೇಳಿ ಅಳುವಲ್ಲಿಗೆ ಮುಗಿಯಿತು. ಸಂಘಮಿತ್ರಾ ಬೀಗದ ಮಾತೇ ಎತ್ತಲಿಲ್ಲ. ನಾಳೆ ಬರುತ್ತೇನೆ, ಅಲ್ಲಿಯವರೆಗೆ ಯಾರಿಗೂ ಏನೂ ಅನ್ನಬೇಡಿ ಎಂದಳು.

ಮರುದಿನ ಬಂದವಳು ಒಂದು ಸ್ಟೀಲ್ ಬಟ್ಟಲು ಕೇಳಿ ಪಡೆದು ಬೇಳೆಯ ಚೀಲದ ಪಕ್ಕ ಕೂತಳು. ಯಾಕೆ ಎಂದು ಹೇಳಲಿಲ್ಲ. ನೀವು ದಿನಾ ಹೇಗೆ ವ್ಯಾಪಾರ ಮಾಡುತ್ತೀರೋ ಹಾಗೇ ಮಾಡಿ ಎಂದಳು. ಗಿರಾಕಿ ಬಂದರು. ವೀರಭದ್ರಮ್ಮ ಬೇಳೆ ತೂಗಿದಳು, ಬಿಲ್ಲಿನ ಗುಂಡಿ ಒತ್ತಿದಳು, ಬೇಳೆಯನ್ನು ಚೀಲಕ್ಕೆ ಸುರಿದಳು, ಅಭ್ಯಾಸದಂತೆ ಅರ್ಧ ಹಿಡಿ ಕೊಸರು ಹಾಕಿದಳು. ಅವಳು ಒಂದು ಸಲ ಕೊಸರು ಹಾಕಿದರೆ, ಸಂಘಮಿತ್ರಾ ಅಷ್ಟೇ ಬೇಳೆ ತೆಗೆದು ತನ್ನ ಬಟ್ಟಲಿಗೆ ಹಾಕಿಕೊಂಡಳು. ಸಂಜೆ ದೀಪ ಹಚ್ಚುವವರೆಗೂ ಹೀಗೇ ನಡೆಯಿತು. ಬಂದ ಗಿರಾಕಿಗಳು ಈ ಬಳ್ಳಾರಿಯಾಕೆಗೆ ಏನಾಗಿದೆ ಎಂದು ನೋಡಿಕೊಂಡು ಹೋದರು.

ಕೊನೆಗೆ ಸಂಘಮಿತ್ರಾ ಬಟ್ಟಲಿನ ಬೇಳೆಯನ್ನು ತಕ್ಕಡಿಗೆ ಸುರಿದಳು. ಮುನ್ನೂರು ಗ್ರಾಂಗೆ ಹತ್ತು ಕಡಿಮೆ.

“ಅಕ್ಕಾರ, ಇದು ಒಂದು ದಿನದ್ದು. ಮೂವತ್ತು ದಿನಕ್ಕ ಎಷ್ಟಾತು, ನೀವ ಹೇಳ್ರಿ.”

ವೀರಭದ್ರಮ್ಮ ಮನಸ್ಸಿನಲ್ಲೇ ಕೂಡಿಸಿದಳು. ಒಂಬತ್ತು ಕಿಲೋಗೆ ಹತ್ತಿರ ಬಂತು. ಮತ್ತೊಮ್ಮೆ ಕೂಡಿಸಿದಳು. ಆಮೇಲೆ ತನ್ನ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತಳು.

“ಮಷಿನ್ ಸುಳ್ಳು ಹೇಳಿಲ್ಲ” ಎಂದಳು ಸಂಘಮಿತ್ರಾ, ಮೆಲ್ಲಗೆ. “ನೀವು ಹೇಳಿದ್ದಷ್ಟ ಅದಕ್ಕ ಗೊತ್ತು. ತೂಗಿದ್ದು ಹೇಳೀರಿ, ಕೊಸರು ಹೇಳಿಲ್ಲ. ಪಾರಮ್ಮನೂ ನಿಮ್ಮತ್ತಿ ಕಲಿಸಿದ್ದ ಮಾಡ್ಯಾಳ, ನೀವೂ ಅದನ್ನ ಮಾಡೀರಿ. ಕಳ್ಳತನ ಅಂತ ಹೇಳಿದ್ದು ಮಷಿನ್ ಅಲ್ಲ, ಅಕ್ಕಾರ.”

ಹಾಗೆ ಹೇಳಿದ್ದು ತನ್ನ ಅನುಮಾನವೇ ಎಂದು ವೀರಭದ್ರಮ್ಮನಿಗೆ ಹೊಳೆಯಿತು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ವೀರಭದ್ರಮ್ಮ ಬಾದನಹಟ್ಟಿಗೆ ಹೋದಳು. ಪಾರಮ್ಮ ಮನೆಯ ಮುಂದೆ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಕೂಲಿಗೆ ತಂದ ಕಾಯಿ, ಬೆರಳುಗಳೆಲ್ಲ ಉರಿದು ಕೆಂಪಾಗಿದ್ದವು. ಬಂದವಳಿಗೆ ಚಾಪೆ ಹಾಸಿ ನೀರು ಕೊಟ್ಟಳು. ಮನೆಗೆ ಬಂದವರಿಗೆ ಮಾಡುವ ಮರ್ಯಾದೆ ಅದು, ಅದಕ್ಕಿಂತ ಹೆಚ್ಚಿನದೇನೂ ಅದರಲ್ಲಿ ಇರಲಿಲ್ಲ. ವೀರಭದ್ರಮ್ಮ ನಡೆದದ್ದನ್ನೆಲ್ಲ ಹೇಳಿದಳು, ಬಟ್ಟಲಿನ ವಿಷಯವನ್ನೂ ಹೇಳಿದಳು, ತಪ್ಪಾಯಿತು ಎಂದಳು. ಪಾರಮ್ಮ ಕೆಲಸ ನಿಲ್ಲಿಸದೆ ಕೇಳಿಸಿಕೊಂಡಳು.

“ಅಕ್ಕಾರ, ಬ್ಯಾಳಿ ಎಲ್ಲಿ ಹೋತು ಅಂತ ನನ್ನ ಕೇಳಿದ್ರ ನಾ ಹೇಳ್ತಿದ್ದೆ. ನೀವು ಮಾತು ಕೇಳಲಿಲ್ಲ, ಚೀಲ ಕೇಳಿದ್ರಿ.”

ವೀರಭದ್ರಮ್ಮ ಒಂದು ಮೆಣಸಿನಕಾಯಿ ಕೈಗೆ ತಗೊಂಡು ತಾನೂ ತೊಟ್ಟು ಬಿಡಿಸತೊಡಗಿದಳು.

“ನಾಕು ಮಂದಿ ಮುಂದ ಚೀಲ ಬಿಚ್ಚಿಸಿದ್ರಿ. ನಾ ಮನಿ ಮುಟ್ಟೂದ್ರಾಗ ಆ ಸುದ್ದಿ ಊರು ಮುಟ್ಟಿತ್ತು. ತಪ್ಪಾತು ಅನ್ನೋದನ್ನ ಇಲ್ಲಿ ನನ್ನ ಕಿವ್ಯಾಗ ಹೇಳಬ್ಯಾಡ್ರಿ. ಆ ಕಟ್ಟಿ ಮ್ಯಾಲ ಹೇಳ್ರಿ” ಎಂದಳು ಪಾರಮ್ಮ. ಇನ್ನೊಂದು ಮಾತನ್ನೂ ಸೇರಿಸಿದಳು. “ಇನ್ನೊಂದು. ಮಷಿನ್ನೊಳಗ ನನ್ನ ಹೆಸರಿಗೆ ಬ್ಯಾರೆ ಗುಟ್ಟಿನ ನಂಬರ್ ಬೇಕು. ನಾ ಮಾಡಿದ್ದು ನನ್ನ ಹೆಸರಿಗೆ ಬರ್ಲಿ, ನೀವು ಮಾಡಿದ್ದು ನಿಮ್ಮ ಹೆಸರಿಗೆ ಬರ್ಲಿ.”

ಇಬ್ಬರೂ ಒಂದೇ ನಂಬರ್ ಒತ್ತಿ ಕೆಲಸ ಮಾಡುತ್ತಿದ್ದದ್ದು ತಪ್ಪು ಎಂದು ಸಂಘಮಿತ್ರಾ ಹಿಂದಿನ ರಾತ್ರಿಯಷ್ಟೇ ಹೇಳಿ ಹೋಗಿದ್ದಳು. ಐದನೇ ತರಗತಿ ಓದಿದ ಪಾರಮ್ಮನಿಗೆ ಅದು ಯಾರೂ ಹೇಳದೆ ಹೊಳೆದಿತ್ತು. ವೀರಭದ್ರಮ್ಮ ಎರಡಕ್ಕೂ ಒಪ್ಪಿದಳು.

ಸಂತೆಯ ದಿನ ಕಟ್ಟೆಯ ಮುಂದೆ ಜನ ಕಿಕ್ಕಿರಿದಿದ್ದರು. ಅಂದು ಚೀಲ ಬಿಚ್ಚಿದ್ದನ್ನು ನೋಡಿದ ಇಬ್ಬರು ಹೆಂಗಸರನ್ನೂ ವೀರಭದ್ರಮ್ಮ ಹೇಳಿಕಳಿಸಿ ಕರೆಸಿದ್ದಳು. ಅವಳು ಬಟ್ಟಲನ್ನು ಕೈಯಲ್ಲಿ ಹಿಡಿದು ನಿಂತಳು.

“ಹೋದ ವಾರ ಪಾರಮ್ಮನ ಚೀಲ ನಾ ಬಿಚ್ಚಿಸಿದೆ. ಬ್ಯಾಳಿ ಕಡಿಮಿ ಬಿದ್ದಿತ್ತು. ಆ ಬ್ಯಾಳಿ ಎಲ್ಲಿ ಹೋಗೈತಿ ಗೊತ್ತೇನ್ರಿ? ನಿಮ್ಮೆಲ್ಲಾರ ಮನಿ ಸಾರಿಗೆ ಹೋಗೈತಿ. ನನ್ನ ಕೈಯಾರ ನಾನ ಹಾಕೀನಿ, ಕೊಸರು ಅಂತ. ಪಾರಮ್ಮನ ತಪ್ಪು ಒಂದು ಕಾಳಿನಷ್ಟೂ ಇಲ್ಲ. ತಪ್ಪು ನಂದು.”

ಆ ಇಬ್ಬರು ಹೆಂಗಸರಲ್ಲಿ ಹಿರಿಯಳು ಪಾರಮ್ಮನ ಭುಜದ ಮೇಲೆ ಕೈ ಇಟ್ಟಳು. ಪಾರಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಏನೂ ಆಗದವಳ ಹಾಗೆ ಒಳಗೆ ಬಂದು ತನ್ನ ಹೊಸ ನಂಬರ್ ಒತ್ತಿದಳು. ಮುಂದಿನವರು ಯಾರು ಎಂದು ಕೇಳಿದಳು.

ಇನ್ನು ಕೊಸರಿನದೇ ಪ್ರಶ್ನೆ ಉಳಿಯಿತು. ಪ್ರತಿ ಸಲ ಕೊಸರನ್ನೂ ತೂಗಿ ಮಷಿನ್ನಿಗೆ ಹಾಕಿ ಎಂದು ಸಂಘಮಿತ್ರಾ ಹೇಳಿದರೆ, ವೀರಭದ್ರಮ್ಮ ಸುತರಾಂ ಒಪ್ಪಲಿಲ್ಲ. ತೂಗಿ ಕೊಟ್ಟರೆ ಅದು ಕೊಸರು ಹೇಗಾಗುತ್ತದೆ, ಅತ್ತೆ ಮೇಲಿನಿಂದ ನೋಡಿ ನಗುತ್ತಾಳೆ ಎಂದಳು. ದಾರಿ ಹುಡುಕಿದವಳು ಪಾರಮ್ಮ. ಬೆಳಿಗ್ಗೆ ಅಂಗಡಿ ತೆಗೆದ ತಕ್ಷಣ ಒಂದು ಬಟ್ಟಲು ಬೇಳೆ, ಒಂದು ಬಟ್ಟಲು ಶೇಂಗಾ, ಒಂದು ಬಟ್ಟಲು ಸಕ್ಕರೆ ತೂಗಿ, ‘ಕೊಸರು’ ಎಂದು ಮಷಿನ್ನಿಗೆ ಬೆಲೆಯಿಲ್ಲದೆ ಹಾಕುವುದು. ದಿನವಿಡೀ ಕೊಸರನ್ನು ಆ ಬಟ್ಟಲಿನಿಂದಲೇ ಕೊಡುವುದು, ತೂಗದೆ, ಎಣಿಸದೆ, ಕೈಗೆ ಬಂದಷ್ಟು. ಸಂಜೆ ಉಳಿದದ್ದನ್ನು ತೂಗಿ ಚೀಲಕ್ಕೆ ವಾಪಸ್ ಸುರಿದು ಮಷಿನ್ನಿಗೂ ತಿಳಿಸುವುದು. ಅದನ್ನು ಕೇಳಿ, ಆರು ವರ್ಷ ಮಷಿನ್ ಬಳಸಿದ ನನಗೂ ಇದು ಹೊಳೆದಿರಲಿಲ್ಲ ಎಂದು ಸಂಘಮಿತ್ರಾ ಒಪ್ಪಿಕೊಂಡಳು.

ಮುಂದಿನ ತಿಂಗಳು ತಾಳೆ ನೋಡಿದಾಗ ಬೇಳೆ ಸರಿಯಾಗಿತ್ತು, ಶೇಂಗಾ ಸರಿಯಾಗಿತ್ತು. ಸಕ್ಕರೆ ಮಾತ್ರ ನೂರು ಗ್ರಾಂ ಕಡಿಮೆ. ಅದು ಇರುವೆಗಳ ಪಾಲು ಎಂದು ಇಬ್ಬರೂ ನಕ್ಕರು. ಆ ನಗು ಅಂಗಡಿಗೆ ವಾಪಸ್ ಬರಲು ಒಂದು ತಿಂಗಳು ಬೇಕಾಗಿತ್ತು.

ಈಗಲೂ ವೀರಭದ್ರಮ್ಮ ದಿನಾ ಬೆಳಿಗ್ಗೆ ಚನ್ನವೀರಮ್ಮನ ಫೋಟೋಕ್ಕೆ ಹೂ ಏರಿಸಿ ಕೈ ಮುಗಿಯುತ್ತಾಳೆ. ಕೊಸರು ಕಲಿಸಿದ ಅತ್ತೆಯನ್ನು ನೆನೆಯುತ್ತಾಳೆ, ಕೆಲಸ ಬಿಟ್ಟು ಒಂದು ದಿನ ಪೂರ್ತಿ ಬೇಳೆಯ ಚೀಲದ ಪಕ್ಕ ಕೂತ ಗೆಳತಿಯನ್ನು ನೆನೆಯುತ್ತಾಳೆ. ಆಮೇಲೆ ಮೊದಲ ಬಟ್ಟಲನ್ನು ತುಂಬಲು ಪಾರಮ್ಮನ ಕೈಗೇ ಕೊಡುತ್ತಾಳೆ. ಆ ಕೈ ಮತ್ತೆ ಈ ಅಂಗಡಿಗೆ ಬಂದದ್ದು ತನ್ನ ಪುಣ್ಯ ಎಂದು ಅವಳು ಬಾಯಿಬಿಟ್ಟೇ ಹೇಳುತ್ತಾಳೆ, ಯಾರು ಕೇಳಿದರೂ.

ಅಂಗಡಿ ನಡೆಸುವ ಅಕ್ಕ, ಅಣ್ಣ, ನಿಮಗೂ ಒಂದು ಮಾತು. ಬಿಲ್ ಮಷಿನ್ ಇಟ್ಟುಕೊಳ್ಳಿ, ಹೆದರಬೇಡಿ. ಬೆಲೆ ನೋಡಿ, ದೀಪ ನೋಡಿ ಮರುಳಾಗದೆ, ನಿಮ್ಮಂಥದೇ ಅಂಗಡಿಯಲ್ಲಿ ಅರ್ಧ ದಿನ ಕೂತು ನೋಡಿ ಕೊಳ್ಳಿ. ಅದು ನಿಮ್ಮ ಭಾಷೆಯಲ್ಲಿ ಮಾತಾಡಲಿ, ಕರೆಂಟ್ ಹೋದರೂ ನಡೆಯಲಿ, ಕೆಟ್ಟಾಗ ಬರುವವರು ಹತ್ತಿರ ಇರಲಿ. ಕೆಲಸ ಮಾಡುವ ಪ್ರತಿಯೊಬ್ಬರಿಗೂ ಅವರದೇ ನಂಬರ್ ಕೊಡಿ. ಮಾರಿದ್ದನ್ನಷ್ಟೇ ಅಲ್ಲ, ಕೊಸರು ಕೊಟ್ಟದ್ದು, ಚೆಲ್ಲಿದ್ದು, ಮನೆಗೆ ಒಯ್ದದ್ದು, ಎಲ್ಲವನ್ನೂ ಅದಕ್ಕೆ ಹೇಳಿ. ತಿಂಗಳಿಗೊಮ್ಮೆ ತಾಳೆ ನೋಡಿ. ಸರಕು ಕಡಿಮೆ ಇದೆ ಎಂದು ಅದು ತೋರಿಸಿದ ದಿನ, ಮೊದಲು ನಿಮ್ಮ ಕೈ ನೋಡಿಕೊಳ್ಳಿ, ಜೊತೆಯಲ್ಲಿ ದುಡಿಯುವವರನ್ನು ಕೂರಿಸಿಕೊಂಡು ಕೇಳಿ. ಯಾರ ಚೀಲವನ್ನೂ ಬಿಚ್ಚಿಸಬೇಡಿ.